‘ಆ ಕಾನೂನು ನಮ್ಮಂಥವರಿಗಲ್ಲ’ ಅನ್ನುವವರಿಗೆ

ಮೊನ್ನೆ ಸಂಕ್ರಾಂತಿ ಊಟಕ್ಕೆ ಟೆಕ್ಸಸ್‌ನ ಫ್ರಿಸ್ಕೋದಲ್ಲಿ ಒಬ್ಬರ ಮನೆಯಲ್ಲಿ ಸೇರಿದ್ದೆವು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ. ಡಲ್ಲಾಸ್ ಸುತ್ತಮುತ್ತ ಇರುವ ನಮ್ಮ ಕಡೆಯವರೆಲ್ಲ ಇದ್ದರು. ಅಲ್ಲಿ ಒಬ್ಬಳು ಹುಡುಗಿ, ಚೊಚ್ಚಲ ಬಸುರಿ, ಮೂರೂವರೆ ತಿಂಗಳು. ಈ ದೇಶಕ್ಕೆ ಬಂದು ಇನ್ನೂ ವರ್ಷ ಆಗಿಲ್ಲ. ಊಟ ಬಡಿಸಿಕೊಳ್ಳುತ್ತಾ ನನ್ನನ್ನು ಕೇಳಿದಳು, "ಅಕ್ಕಾ, ಇಲ್ಲಿ ಏನೋ ಕಾನೂನು ಇದೆಯಂತಲ್ಲ, ನಡುವೆ ಏನಾದರೂ ತೊಂದರೆ ಆದರೆ ಡಾಕ್ಟರು ನೋಡ್ತಾರಾ?"

ಅವಳು ಕೇಳಿದ್ದು ಟೆಕ್ಸಸ್‌ನ ಗರ್ಭಪಾತ ನಿಷೇಧದ ಕಾನೂನಿನ ಬಗ್ಗೆ. ನಾನು ಬಾಯಿ ತೆರೆಯುವ ಮೊದಲೇ ಹಿರಿಯರೊಬ್ಬರು ಹೇಳಿಬಿಟ್ಟರು. "ಬಿಡವ್ವಾ, ಅದು ನಮ್ಮಂಥ ಮನೆತನದವರಿಗಲ್ಲ. ಮದುವೆ ಇಲ್ಲದೆ ತಿರುಗೋರಿಗೆ. ಹಬ್ಬದ ದಿನ ಅಂಥ ಮಾತು ಯಾಕೆ?" ನಾಲ್ಕು ಜನ ತಲೆ ಆಡಿಸಿದರು. ಒಬ್ಬರು "ಒಳ್ಳೇದನ್ನೇ ಯೋಚನೆ ಮಾಡಬೇಕಮ್ಮ" ಅಂದರು. ಹುಡುಗಿ ಸುಮ್ಮನಾದಳು. ಹಬ್ಬದ ಮನೆಯಲ್ಲಿ ದನಿ ಏರಿಸಬಾರದು ಅಂತ ನಾನು ಎರಡೇ ಮಾತು ಹೇಳಿ ಬಂದೆ. ಉಳಿದದ್ದನ್ನು ಇಲ್ಲಿ ಹೇಳುತ್ತೇನೆ. ಉದ್ದ ಆಗುತ್ತೆ, ಆಗಲಿ.

ನಮ್ಮಂಥವರಿಗಲ್ಲ ಅಂದರೆ ಯಾರಿಗೆ? ಟೆಕ್ಸಸ್ ಕಾನೂನನ್ನು ಒಂದು ಸಲ ತೆಗೆದು ನೋಡಿ. 2021ರ ಸೆಪ್ಟೆಂಬರ್ 1ರಂದು ಎಸ್‌ಬಿ 8 ಅನ್ನುವ ಕಾನೂನು ಜಾರಿಗೆ ಬಂತು. ಹೊಟ್ಟೆಯಲ್ಲಿ ಎದೆಬಡಿತ ಕಂಡ ಮೇಲೆ, ಅಂದರೆ ಸುಮಾರು ಆರು ವಾರಕ್ಕೆ, ಗರ್ಭಪಾತ ಮಾಡುವಂತಿಲ್ಲ. ಆರು ವಾರ ಅಂದರೆ ಮುಟ್ಟು ತಪ್ಪಿ ಎರಡು ವಾರ ಅಷ್ಟೇ. ಮಾಡಿದ ಡಾಕ್ಟರ ಮೇಲೆ, ನೆರವು ಕೊಟ್ಟವರ ಮೇಲೆ ಯಾರು ಬೇಕಾದರೂ ದಾವೆ ಹೂಡಬಹುದು. ಗೆದ್ದರೆ ಕನಿಷ್ಠ 10,000 ಡಾಲರ್ ಸಿಗುತ್ತದೆ. ಆಮೇಲೆ 2022ರ ಜೂನ್ 24ರಂದು ಇಲ್ಲಿನ ಸುಪ್ರೀಂ ಕೋರ್ಟು ಗರ್ಭಪಾತ ಹೆಂಗಸಿನ ಹಕ್ಕು ಅಂದಿದ್ದ 1973ರ ರೋ ವರ್ಸಸ್ ವೇಡ್ ತೀರ್ಪನ್ನು ರದ್ದು ಮಾಡಿತು. ಆ ರೋ ಕೇಸು ಹುಟ್ಟಿದ್ದು ನಾವು ಇರುವ ಇದೇ ಡಲ್ಲಾಸ್‌ನಲ್ಲಿ. ವೇಡ್ ಅಂದರೆ ಡಲ್ಲಾಸ್ ಕೌಂಟಿಯ ಸರ್ಕಾರಿ ವಕೀಲರಾಗಿದ್ದ ಹೆನ್ರಿ ವೇಡ್. ತೀರ್ಪು ಬಿದ್ದು ಎರಡು ತಿಂಗಳಿಗೆ, ಆಗಸ್ಟ್ 25ಕ್ಕೆ, ಟೆಕ್ಸಸ್‌ನ ಪೂರ್ತಿ ನಿಷೇಧ ಜಾರಿಗೆ ಬಂತು. ಕಾನೂನು ಮುರಿದ ಡಾಕ್ಟರಿಗೆ ಜೀವಾವಧಿವರೆಗೆ ಜೈಲು, ಕನಿಷ್ಠ 1,00,000 ಡಾಲರ್ ದಂಡ, ಜೊತೆಗೆ ಲೈಸೆನ್ಸ್ ರದ್ದು. ಅತ್ಯಾಚಾರಕ್ಕೆ ಒಳಗಾದವಳಿಗೂ ವಿನಾಯಿತಿ ಇಲ್ಲ. ಇರುವುದು ಒಂದೇ ವಿನಾಯಿತಿ. ತಾಯಿಯ ಜೀವಕ್ಕೆ ಅಪಾಯ ಇರಬೇಕು, ಇಲ್ಲವೇ ದೇಹದ ಒಂದು ಮುಖ್ಯ ಕೆಲಸಕ್ಕೇ ದೊಡ್ಡ ಪೆಟ್ಟು ಬೀಳುವ ಅಪಾಯ ಇರಬೇಕು.

ಇದರಲ್ಲಿ ಮದುವೆಯ ಮಾತು ಎಲ್ಲೂ ಇಲ್ಲ. ತಾಳಿ ಇದ್ದವಳು, ಇಲ್ಲದವಳು ಅನ್ನುವ ಭೇದ ಇಲ್ಲ. ಮಗು ಬೇಕು ಅಂತ ಎಂಟು ವರ್ಷ ಕಾದವಳಿಗೂ ಇದೇ ಕಾನೂನು.

ಒಂದು ವಿಷಯ ಸರಿಯಾಗಿ ಹೇಳಿಬಿಡುತ್ತೇನೆ, ಯಾಕೆಂದರೆ ಹೆದರಿಸುವುದು ನನ್ನ ಉದ್ದೇಶ ಅಲ್ಲ. ಮಗು ಹೊಟ್ಟೆಯಲ್ಲೇ ತೀರಿಕೊಂಡಿದ್ದರೆ ತೆಗೆಯುವುದನ್ನು ಟೆಕ್ಸಸ್ ಕಾನೂನು ಗರ್ಭಪಾತ ಅಂತ ಲೆಕ್ಕ ಹಿಡಿಯುವುದಿಲ್ಲ. ಗರ್ಭಕೋಶದ ಹೊರಗೆ, ನಳಿಕೆಯಲ್ಲಿ ನಿಂತ ಗರ್ಭ ತೆಗೆಯುವುದೂ ಅಷ್ಟೇ. ಕಷ್ಟ ಇರುವುದು ಅದರ ನಡುವಿನ ಹೊತ್ತಿನಲ್ಲಿ. ಮಗು ಉಳಿಯುವುದಿಲ್ಲ ಅಂತ ಎಲ್ಲರಿಗೂ ಗೊತ್ತು, ಆದರೆ ಅದರ ಎದೆ ಇನ್ನೂ ಬಡಿಯುತ್ತಿದೆ. ನೀರು ಒಡೆದಿದೆ, ಆದರೆ ತಾಯಿಗೆ ಇನ್ನೂ ಜ್ವರ ಬಂದಿಲ್ಲ. ಆ ಹೊತ್ತಿನಲ್ಲಿ ಡಾಕ್ಟರು ಏನು ಮಾಡಬೇಕು? ಆ ಹುಡುಗಿ ಕೇಳಿದ್ದು ಸರಿಯಾಗಿ ಇದನ್ನೇ. ಅವಳಿಗೆ ಸಿಕ್ಕ ಉತ್ತರ, ‘ನಮ್ಮಂಥವರಿಗಲ್ಲ.’

ಆಸ್ಟಿನ್‌ನ ಅಮಾಂಡಾ ಜುರಾವ್ಸ್ಕಿ ಗೊತ್ತಾ? ಮದುವೆಯಾದವಳು. ಮಕ್ಕಳಾಗಲು ಟ್ರೀಟ್‌ಮೆಂಟ್ ತೆಗೆದುಕೊಂಡು ಬಸುರಿಯಾದವಳು. 2022ರ ಆಗಸ್ಟ್‌ನಲ್ಲಿ, ಹದಿನೆಂಟು ವಾರ ಆಗುವ ಹೊತ್ತಿಗೆ ನೀರು ಒಡೆಯಿತು. ಮಗು ಉಳಿಯುವುದಿಲ್ಲ ಅಂತ ಡಾಕ್ಟರು ಹೇಳಿದರು. ಆದರೆ ಎದೆ ಬಡಿಯುತ್ತಿತ್ತು, ಹಾಗಾಗಿ ಏನೂ ಮಾಡಲಿಲ್ಲ. ಮೂರು ದಿನ ಆದ ಮೇಲೆ ಅವಳಿಗೆ ಮೈಯೆಲ್ಲ ನಂಜೇರಿ ಸೆಪ್ಸಿಸ್ ಆಯಿತು. ಆಗ ‘ಜೀವಕ್ಕೆ ಅಪಾಯ’ ಅನ್ನುವ ಷರತ್ತು ಪೂರೈಸಿತು. ಅವಳು ಐಸಿಯು ಸೇರಿದಳು. ಬದುಕಿದಳು, ಆದರೆ ಒಂದು ಗರ್ಭನಾಳ ಮುಚ್ಚಿಹೋಯಿತು. 2023ರಲ್ಲಿ ರಾಜ್ಯದ ಮೇಲೆ ಕೇಸು ಹಾಕಿದಳು, ಅಮೆರಿಕದ ಸೆನೆಟ್ ಸಮಿತಿಯ ಮುಂದೆ ಕೂತು ಇದನ್ನೆಲ್ಲ ಹೇಳಿದಳು. 2024ರ ಮೇ 31ಕ್ಕೆ ಟೆಕ್ಸಸ್ ಸುಪ್ರೀಂ ಕೋರ್ಟು ಅವಳ ವಿರುದ್ಧ ತೀರ್ಪು ಕೊಟ್ಟಿತು. ಕಾನೂನು ಸ್ಪಷ್ಟವಾಗಿಯೇ ಇದೆ ಅಂದಿತು.

ಹ್ಯೂಸ್ಟನ್‌ನ ಜೋಸೆಲಿ ಬಾರ್ನಿಕಾ ಬದುಕಲಿಲ್ಲ. 28 ವರ್ಷ, ಮನೆಯಲ್ಲಿ ಪುಟ್ಟ ಮಗಳು. ಎಸ್‌ಬಿ 8 ಜಾರಿಗೆ ಬಂದ ಅದೇ ವಾರ, 2021ರ ಸೆಪ್ಟೆಂಬರ್ ಮೊದಲ ದಿನಗಳಲ್ಲಿ, ಹದಿನೇಳು ವಾರದ ಗರ್ಭ ಇಳಿಯಲು ಶುರುವಾಯಿತು. ಎದೆಬಡಿತ ನಿಲ್ಲುವವರೆಗೆ ಸುಮಾರು 40 ಗಂಟೆ ಕಾದರು. ಮಗು ಹೊರಬಂದು ಮೂರು ದಿನಕ್ಕೆ ಅವಳು ನಂಜಿನಿಂದ ತೀರಿಕೊಂಡಳು. ಈ ಸುದ್ದಿ ಪ್ರೊಪಬ್ಲಿಕಾ ಅನ್ನುವ ಸುದ್ದಿಸಂಸ್ಥೆಯಲ್ಲಿ ಬಂದು ನಮಗೆಲ್ಲ ತಿಳಿದದ್ದೇ 2024ರ ಕೊನೆಗೆ.

ಹದಿನೇಳು ವಾರ. ನಿಲ್ಲದ ಎದೆಬಡಿತ. ಇದನ್ನು ಓದಿದಾಗ ನನಗೆ ಮೈ ತಣ್ಣಗಾಯಿತು. ಇದು ನಾವು ಮೊದಲು ಕೇಳಿದ ಕಥೆ ಅಲ್ವಾ? ಬೆಳಗಾವಿಯವರಿಗೆ ಇದನ್ನು ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ.

ಸವಿತಾ ಹಾಲಪ್ಪನವರ. ನಮ್ಮ ಬೆಳಗಾವಿಯ ಹುಡುಗಿ, 31 ವರ್ಷ, ಹಲ್ಲಿನ ಡಾಕ್ಟರು. ಗಂಡನ ಜೊತೆ ಐರ್ಲೆಂಡಿನ ಗಾಲ್ವೇಯಲ್ಲಿದ್ದಳು. 2012ರ ಅಕ್ಟೋಬರ್ 21ರಂದು ಬೆನ್ನುನೋವು ಅಂತ ಅಲ್ಲಿನ ಯೂನಿವರ್ಸಿಟಿ ಆಸ್ಪತ್ರೆಗೆ ಹೋದಳು. ಹದಿನೇಳು ವಾರದ ಬಸುರಿ. ಅದೇ ರಾತ್ರಿ ಕಳೆಯುವಷ್ಟರಲ್ಲಿ ನೀರು ಒಡೆಯಿತು. ಮಗು ಉಳಿಯುವುದಿಲ್ಲ ಅಂತ ಗೊತ್ತಾದ ಮೇಲೆ ತೆಗೆದುಬಿಡಿ ಅಂತ ಗಂಡ ಹೆಂಡತಿ ಕೇಳಿಕೊಂಡರು. ಎದೆ ಬಡಿಯುತ್ತಿದೆ, ಆಗುವುದಿಲ್ಲ ಅಂದರು. ಇದು ಕ್ಯಾಥೊಲಿಕ್ ದೇಶ ಅನ್ನುವ ಮಾತೂ ಬಂತು. 28ಕ್ಕೆ ಸವಿತಾ ತೀರಿಕೊಂಡಳು. ಒಂದೇ ವಾರ.

ಮುಂದಿನ ವರ್ಷದ ವಿಚಾರಣೆಯಲ್ಲಿ ಪ್ರಸೂತಿ ತಜ್ಞ ಪೀಟರ್ ಬಾಯ್ಲನ್ ಸಾಕ್ಷಿ ಹೇಳಿದರು. ಅವರು ಹೇಳಿದ್ದರ ಸಾರ ಇಷ್ಟು. ಸೋಮವಾರ ಅಥವಾ ಮಂಗಳವಾರ ಗರ್ಭ ತೆಗೆದಿದ್ದರೆ ಸವಿತಾ ಬಹುತೇಕ ಬದುಕುತ್ತಿದ್ದಳು. ಆದರೆ ಆ ಎರಡು ದಿನ ಅವಳ ಜೀವಕ್ಕೆ ಕಾನೂನು ಕೇಳುವಷ್ಟು ಅಪಾಯ ಕಾಣುತ್ತಿರಲಿಲ್ಲ. ಬುಧವಾರ ಅಪಾಯ ಕಂಡಿತು. ಅಷ್ಟರಲ್ಲಿ ಕಾಲ ಮೀರಿತ್ತು.

ನಾನು ಈ ಸಾಕ್ಷ್ಯವನ್ನು ಎಷ್ಟು ಸಲ ಓದಿದ್ದೇನೋ. ‘ತಾಯಿಯ ಜೀವ ಉಳಿಸಲು ವಿನಾಯಿತಿ ಇದೆಯಲ್ಲ’ ಅನ್ನುವವರಿಗೆ ಇದನ್ನೇ ತೋರಿಸುತ್ತೇನೆ. ವಿನಾಯಿತಿ ಐರ್ಲೆಂಡಿನಲ್ಲೂ ಇತ್ತು. ನಂಜು ಮೈಯಲ್ಲಿ ಹೇಗೆ ಏರುತ್ತೆ ಅಂತ ಒಮ್ಮೆ ಯೋಚಿಸಿ. ಬೆಳಿಗ್ಗೆ ಜ್ವರ ಇಲ್ಲ, ನಾಡಿ ಸರಿ ಇದೆ. ಸಂಜೆಗೆ ನಡುಕ. ರಾತ್ರಿಗೆ ಬಿಪಿ ಇಳಿಯುತ್ತೆ, ಮೂತ್ರಪಿಂಡ ಕೈಕೊಡುತ್ತೆ. ನೀರು ಒಡೆದ ಮೇಲೆ ಬಾಗಿಲು ತೆರೆದ ಹಾಗೆ, ಒಳಗೆ ಸೋಂಕು ಹೋಗುವುದು ಯಾವಾಗ ಅನ್ನುವುದಷ್ಟೇ ಪ್ರಶ್ನೆ. ಆ ಎರಡರ ನಡುವೆ ಸಿಗುವ ಹೊತ್ತೇ ಚಿಕಿತ್ಸೆಯ ಹೊತ್ತು. ಕಾನೂನು ಆ ಹೊತ್ತನ್ನೇ ಕಿತ್ತುಕೊಳ್ಳುತ್ತದೆ. ಕಾಯಿಲೆ ಜೋರಾಗಲಿ, ಆಮೇಲೆ ಮುಟ್ಟಿ ಅನ್ನುತ್ತದೆ.

ಇಲ್ಲಿ ಒಂದು ವಾದ ಯಾವಾಗಲೂ ಬರುತ್ತೆ. ‘ಸವಿತಾ ಸತ್ತದ್ದು ಡಾಕ್ಟರ ನಿರ್ಲಕ್ಷ್ಯದಿಂದ, ಕಾನೂನಿನಿಂದ ಅಲ್ಲ.’ ಟೆಕ್ಸಸ್‌ನಲ್ಲೂ ಸರ್ಕಾರದ ಕಡೆಯವರು ಇದನ್ನೇ ಹೇಳುತ್ತಾರೆ, ಕಾನೂನು ಚೆನ್ನಾಗಿದೆ, ಡಾಕ್ಟರು ತಪ್ಪು ತಿಳಿದುಕೊಂಡಿದ್ದಾರೆ ಅಂತ. ನಿರ್ಲಕ್ಷ್ಯ ಇತ್ತು, ನಿಜ. ರಕ್ತ ಪರೀಕ್ಷೆಯ ವರದಿಯನ್ನು ಸಮಯಕ್ಕೆ ನೋಡಲಿಲ್ಲ, ನಾಡಿ-ಬಿಪಿ ನೋಡಬೇಕಾದಷ್ಟು ಸಲ ನೋಡಲಿಲ್ಲ. ಆದರೆ ಪ್ರೊಫೆಸರ್ ಸಬರತ್ನಂ ಅರುಳ್‌ಕುಮಾರನ್ ಅವರ ತನಿಖಾ ವರದಿ ಇನ್ನೊಂದು ಮಾತನ್ನೂ ಹೇಳಿದೆ. ಎದೆಬಡಿತ ನಿಲ್ಲುವವರೆಗೆ ಕೈ ಹಾಕಬಾರದು ಅನ್ನುವುದಕ್ಕೇ ಅಲ್ಲಿ ಅತಿಯಾದ ಒತ್ತು ಇತ್ತು ಅಂತ. ಆ ಒತ್ತು ಎಲ್ಲಿಂದ ಬಂತು? ಕಾನೂನಿನಿಂದ ಬಂತು. ಜೀವಾವಧಿ ಜೈಲು ಅಂತ ಬರೆದಿಟ್ಟು, ಆಮೇಲೆ ಡಾಕ್ಟರು ಯಾಕೆ ಹೆದರಿದರು ಅಂತ ಕೇಳುವುದು ನ್ಯಾಯ ಅಲ್ಲ. ಇಲ್ಲಿ ಪ್ರಸೂತಿ ಡಾಕ್ಟರಾಗಿರುವ ನನ್ನ ಗೆಳತಿ ಒಮ್ಮೆ ಅತ್ತುಬಿಟ್ಟಳು. ಪೇಷಂಟ್ ಮುಂದೆ ನಿಂತಾಗ ತಲೆಯಲ್ಲಿ ವಕೀಲರ ನಂಬರ್ ಬರುತ್ತೆ ಕಣೇ, ಇದಕ್ಕಾ ನಾನು ಓದಿದ್ದು ಅಂದಳು.

ಈಗ ನನ್ನ ಮಾತು. ಇದನ್ನು ನಾನು ಫೇಸ್‌ಬುಕ್‌ನಲ್ಲಿ ಎಂದೂ ಬರೆದಿಲ್ಲ. ಹತ್ತಿರದವರಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ.

ಅಮೆರಿಕಕ್ಕೆ ಬರುವ ಮೊದಲು, ಹುಬ್ಬಳ್ಳಿಯಲ್ಲಿದ್ದಾಗ, ನನ್ನ ಮೊದಲ ಬಸಿರು ಐದನೇ ತಿಂಗಳಿನಲ್ಲಿ ಹೋಯಿತು. ರಾತ್ರಿ ಮಲಗಿದ್ದೆ, ಹಾಸಿಗೆಯೆಲ್ಲ ಒದ್ದೆ. ಅವ್ವ ನೋಡಿದ ತಕ್ಷಣ ತಿಳಿದುಕೊಂಡಳು, ಮುಖ ಬಿಳಿಚಿಕೊಂಡಿತು. ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದರು. ಮಗುವಿನ ಎದೆ ಬಡಿಯುತ್ತಿತ್ತು. ಆ ಶಬ್ದ ನಾನು ಕೇಳಿದೆ. ಡಾಕ್ಟರಮ್ಮ ನನ್ನ ಪಕ್ಕ ಕೂತು ಹೇಳಿದರು, "ನೀರು ಪೂರ್ತಿ ಹೋಗಿದೆ ತಾಯಿ, ಕೂಸು ಉಳಿಯಲ್ಲ. ಕಾದರೆ ನಿನಗೆ ನಂಜಾಗುತ್ತೆ." ಇನ್ನೊಬ್ಬ ಡಾಕ್ಟರನ್ನು ಕರೆಸಿದರು. ಹನ್ನೆರಡು ವಾರ ದಾಟಿದ್ದರೆ ಇಬ್ಬರು ಡಾಕ್ಟರ ಅಭಿಪ್ರಾಯ ಬೇಕು ಅಂತ ಆಗ ನಿಯಮ ಇತ್ತು. ಇಬ್ಬರೂ ಸಹಿ ಹಾಕಿದರು, ನಾನು ಸಹಿ ಹಾಕಿದೆ. ಬೆಳಗಾಗುವಷ್ಟರಲ್ಲಿ ಮುಗಿದಿತ್ತು. ಯಾರೂ ಕೋರ್ಟಿನ ಮಾತು ಆಡಲಿಲ್ಲ. ಯಾರೂ ನನ್ನ ನಡತೆಯ ಬಗ್ಗೆ ಕೇಳಲಿಲ್ಲ.

ಆ ಕೂಸು ನನಗೆ ಬೇಕಿತ್ತು. ಹೆಸರು ಕೂಡ ಮನಸ್ಸಿನಲ್ಲಿ ಇಟ್ಟಿದ್ದೆ. ಬೇಕಿದ್ದ ಕೂಸನ್ನೇ ಕಳೆದುಕೊಂಡವಳ ಮುಂದೆ ಕೂತು ‘ಅದು ತಿರುಗೋರಿಗೆ’ ಅಂದರೆ ನಾನು ಹೇಗೆ ತಡೆದುಕೊಳ್ಳಲಿ? ಕಾಕಾ, ನೀವು ಈ ಬರಹ ಓದುತ್ತೀರಿ ಅಂತ ನನಗೆ ಗೊತ್ತು. ನೀವು ಕೆಟ್ಟವರಲ್ಲ. ಹೊಸದಾಗಿ ಬಂದ ಎಷ್ಟು ಮಂದಿಯನ್ನು ಏರ್‌ಪೋರ್ಟಿನಿಂದ ಕರೆತಂದು ಮನೆಯಲ್ಲಿ ಇಟ್ಟುಕೊಂಡಿದ್ದೀರಿ. ಅದಕ್ಕೇ ನನಗೆ ಜಾಸ್ತಿ ನೋವಾಯಿತು. ಆ ರಾತ್ರಿ ನಾನು ಹುಬ್ಬಳ್ಳಿಯಲ್ಲಿದ್ದೆ, ಅದಕ್ಕೆ ಇವತ್ತು ಇದ್ದೇನೆ. ಪ್ಲೇನೋದಲ್ಲೋ ಇರ್ವಿಂಗ್‌ನಲ್ಲೋ 2022ರ ಚಳಿಗಾಲದಲ್ಲಿ ಇದ್ದಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿದರೆ ಈಗಲೂ ನಿದ್ದೆ ಬರುವುದಿಲ್ಲ. ಆಮೇಲೆ ಹುಟ್ಟಿದ ನನ್ನ ಮಗಳು ಈಗ ಇದೇ ರಾಜ್ಯದಲ್ಲಿ ಹೈಸ್ಕೂಲಿಗೆ ಹೋಗುತ್ತಿದ್ದಾಳೆ.

ಭಾರತದಲ್ಲಿ 1971ರಲ್ಲೇ ಎಂಟಿಪಿ ಕಾಯ್ದೆ, ಅಂದರೆ ಡಾಕ್ಟರ ಕೈಯಿಂದ ಗರ್ಭಪಾತಕ್ಕೆ ಅವಕಾಶ ಕೊಡುವ ಕಾನೂನು, ಬಂತು. ಅದರಲ್ಲೂ ಕೊರತೆ ಇದೆ. ನಿರ್ಧಾರ ಹೆಂಗಸಿನ ಕೈಯಲ್ಲಿಲ್ಲ, ಡಾಕ್ಟರ ಕೈಯಲ್ಲಿದೆ. ಆದರೆ ತಾಯಿಯ ಜೀವ ಉಳಿಸಲು ತಕ್ಷಣ ಬೇಕು ಅನ್ನಿಸಿದರೆ ಎಷ್ಟು ವಾರ ಅನ್ನುವ ಮಿತಿಯೇ ಇಲ್ಲ, ಒಬ್ಬರೇ ಡಾಕ್ಟರು ನಿರ್ಧಾರ ಮಾಡಬಹುದು. 2021ರ ತಿದ್ದುಪಡಿ ಕೆಲವು ವರ್ಗದವರಿಗೆ 24 ವಾರದವರೆಗೆ ಅವಕಾಶ ಕೊಟ್ಟಿತು. 2022ರ ಸೆಪ್ಟೆಂಬರ್ 29ರಂದು ನಮ್ಮ ಸುಪ್ರೀಂ ಕೋರ್ಟು ಮದುವೆಯಾಗದವಳಿಗೂ ಅದೇ ಹಕ್ಕು ಅಂದಿತು. ಅಮೆರಿಕದ ಕೋರ್ಟು ಹಕ್ಕು ಕಿತ್ತುಕೊಂಡು ಆಗ ಬರೀ ಮೂರು ತಿಂಗಳು.

‘ಅಲ್ಲಿ ಹೆಣ್ಣು ಭ್ರೂಣ ಹತ್ಯೆ ನಡೆಯುತ್ತಲ್ಲ, ಅದಕ್ಕೇನು ಹೇಳ್ತೀಯ?’ ಇದನ್ನೂ ಕೇಳುತ್ತಾರೆ, ಕೇಳಲಿ. 2023ರ ಕೊನೆಗೆ ಮಂಡ್ಯದ ಆಲೆಮನೆಯಲ್ಲಿ ಸ್ಕ್ಯಾನಿಂಗ್ ಮೆಷಿನ್ ಇಟ್ಟು ಗಂಡೋ ಹೆಣ್ಣೋ ನೋಡುತ್ತಿದ್ದ ಜಾಲ ಸಿಕ್ಕಿಬಿದ್ದಾಗ ನಾನು ಎಷ್ಟು ಕುದಿದೆ ಅಂತ ನನ್ನ ಹಳೆಯ ಬರಹ ಓದಿದವರಿಗೆ ಗೊತ್ತು. ಅದನ್ನು ತಡೆಯಲು 1994ರ ಕಾನೂನು ಇದೆ. ಅದು ಲಿಂಗ ಪತ್ತೆಯನ್ನೇ ಅಪರಾಧ ಮಾಡಿದೆ, ಮೆಷಿನ್ ಇಟ್ಟವರನ್ನು ಹಿಡಿಯುತ್ತದೆ. ಇನ್ನೂ ಗಟ್ಟಿಯಾಗಿ ಹಿಡಿಯಲಿ. ಅದಕ್ಕೂ, ನೀರು ಒಡೆದು ಮಲಗಿದವಳ ಮುಂದೆ ಡಾಕ್ಟರ ಕೈ ಕಟ್ಟುವುದಕ್ಕೂ ಏನು ಸಂಬಂಧ? ಅತ್ತೆ, ಗಂಡ ಒತ್ತಾಯ ಮಾಡಿ ತೆಗೆಸುವುದು ಕೂಡ, ಸರ್ಕಾರ ಒತ್ತಾಯ ಮಾಡಿ ಇಡಿಸುವುದು ಕೂಡ ಆ ಹೆಂಗಸನ್ನು ಕೇಳದೆ ಮಾಡುವ ಕೆಲಸವೇ.

ಇನ್ನೊಂದು ಸಮಾಧಾನ ಕೂಡ ಆ ಊಟದಲ್ಲಿ ಕೇಳಿಬಂತು. ‘2025ರಲ್ಲಿ ಸರಿ ಮಾಡಿದ್ದಾರಂತೆ ಬಿಡಿ.’ ಹೌದು, ಎಸ್‌ಬಿ 31 ಬಂದಿದೆ. ಸಾವು ಇನ್ನೇನು ಬಂತು ಅನ್ನುವವರೆಗೆ ಡಾಕ್ಟರು ಕಾಯಬೇಕಿಲ್ಲ ಅಂತ ಅದು ಬಿಡಿಸಿ ಹೇಳುತ್ತದೆ. ಅದನ್ನು ಬರೆದವರು ಸೆನೆಟರ್ ಬ್ರಯನ್ ಹ್ಯೂಸ್, ಎಸ್‌ಬಿ 8 ಬರೆದವರೂ ಅವರೇ. ಒಂದಿಷ್ಟು ಜೀವ ಉಳಿದರೂ ನನಗೆ ಸಂತೋಷವೇ. ಆದರೆ ಶಿಕ್ಷೆ ಹಾಗೇ ಇದೆ. ಅತ್ಯಾಚಾರಕ್ಕೆ ವಿನಾಯಿತಿ ಇನ್ನೂ ಇಲ್ಲ. ಹುಟ್ಟಿದರೂ ಬದುಕದ ಕೂಸನ್ನು ಹೊತ್ತವಳಿಗೆ ಇನ್ನೂ ದಾರಿ ಇಲ್ಲ. ಅದೇ 2025ರಲ್ಲಿ ಎಚ್‌ಬಿ 7 ಅಂತ ಇನ್ನೊಂದು ತಂದರು. ಟೆಕ್ಸಸ್‌ಗೆ ಗರ್ಭಪಾತದ ಮಾತ್ರೆ ಕಳಿಸಿದವರ ಮೇಲೆ ಜನರೇ ದಾವೆ ಹೂಡಬಹುದು, ಮೊತ್ತ ಈ ಸಲ 1,00,000 ಡಾಲರ್. ಇದನ್ನು ಸರಿ ಮಾಡಿದ್ದು ಅನ್ನಲು ನನಗೆ ಆಗುವುದಿಲ್ಲ.

ಕೇಟ್ ಕಾಕ್ಸ್ ನಮ್ಮ ಡಲ್ಲಾಸ್ ಕಡೆಯವಳೇ. ಎರಡು ಮಕ್ಕಳ ತಾಯಿ, ಎರಡೂ ಸಿಸೇರಿಯನ್. ಮೂರನೇ ಬಸುರಿನಲ್ಲಿ ಕೂಸಿಗೆ ಟ್ರೈಸೋಮಿ 18 ಅನ್ನುವ ವರ್ಣತಂತುವಿನ ದೋಷ ಇದೆ ಅಂತ ಗೊತ್ತಾಯಿತು. ಅಂಥ ಕೂಸುಗಳಲ್ಲಿ ಹೆಚ್ಚಿನವು ಹುಟ್ಟುವ ಮೊದಲೇ ಅಥವಾ ಹುಟ್ಟಿದ ಕೆಲವೇ ದಿನಗಳಲ್ಲಿ ತೀರಿಕೊಳ್ಳುತ್ತವೆ. 2023ರ ಡಿಸೆಂಬರ್‌ನಲ್ಲಿ ಅವಳು ಕೋರ್ಟಿಗೆ ಹೋಗಿ ಅನುಮತಿ ಕೇಳಿದಳು. ಕೆಳಗಿನ ಕೋರ್ಟಿನ ಜಡ್ಜ್ ಕೊಟ್ಟರು. ಅದೇ ದಿನ ರಾಜ್ಯ ಸರ್ಕಾರದ ಮುಖ್ಯ ವಕೀಲರಾದ ಅಟಾರ್ನಿ ಜನರಲ್ ಕೆನ್ ಪ್ಯಾಕ್ಸ್ಟನ್ ಆಸ್ಪತ್ರೆಗಳಿಗೆ ಎಚ್ಚರಿಕೆಯ ಪತ್ರ ಕಳಿಸಿದರು. ಮರುದಿನ ಟೆಕ್ಸಸ್ ಸುಪ್ರೀಂ ಕೋರ್ಟು ತಡೆ ಹಾಕಿತು. ಕೊನೆಗೆ ಅವಳು ಬೇರೆ ರಾಜ್ಯಕ್ಕೆ ಹೋಗಬೇಕಾಯಿತು. ಹೊಟ್ಟೆಯಲ್ಲಿ ಅಂಥ ಕೂಸನ್ನು ಇಟ್ಟುಕೊಂಡು, ಟಿವಿಯಲ್ಲಿ ತನ್ನ ಬಗ್ಗೆ ಚರ್ಚೆ ನೋಡಿಕೊಂಡು. ಇವಳು ಯಾವ ರೀತಿಯಲ್ಲಿ ‘ನಮ್ಮಂಥವಳಲ್ಲ’?

ಬೇರೆ ರಾಜ್ಯಕ್ಕೆ ಹೋಗಬಹುದಲ್ಲ ಅನ್ನುವುದು ಸುಲಭ. ಟೆಕ್ಸಸ್‌ಗೆ ಅಂಟಿದ ಓಕ್ಲಹೋಮ, ಅರ್ಕಾನ್ಸಾ, ಲೂಸಿಯಾನ ಮೂರರಲ್ಲೂ ನಿಷೇಧ ಇದೆ. ಪಕ್ಕದಲ್ಲಿ ಉಳಿದದ್ದು ನ್ಯೂ ಮೆಕ್ಸಿಕೋ. ಡಲ್ಲಾಸ್‌ನಿಂದ ಆಲ್ಬುಕರ್ಕಿಗೆ ಕಾರಿನಲ್ಲಿ ಹತ್ತು ಗಂಟೆ ಹತ್ತಿರ ಬೇಕು. ನೀರು ಒಡೆದವಳನ್ನು ಹತ್ತು ಗಂಟೆ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಹೋಗುತ್ತೀರಾ? ಗಂಡನ ಕೆಲಸದ ವೀಸಾದ ಆಧಾರದ ಮೇಲೆ ಸಿಗುವ ಎಚ್-4 ವೀಸಾದಲ್ಲಿ ಬಂದವಳು, ಇನ್ನೂ ಡ್ರೈವಿಂಗ್ ಲೈಸೆನ್ಸ್ ಸಿಗದವಳು, ಗಂಡ ಪ್ರಾಜೆಕ್ಟ್ ಮೇಲೆ ಬೇರೆ ಊರಲ್ಲಿರುವವಳು ಏನು ಮಾಡಬೇಕು? ಅವ್ವ ಹುಬ್ಬಳ್ಳಿಯಲ್ಲೋ ವಿಜಯಪುರದಲ್ಲೋ ಫೋನಿನ ಆ ಕಡೆ. ನಮ್ಮ ಹೆಣ್ಣುಮಕ್ಕಳಿಗೆ ಈ ಕಾನೂನು ಉಳಿದವರಿಗಿಂತ ಜಾಸ್ತಿ ತಟ್ಟುತ್ತದೆ.

ಮತ್ತೆ, ಎಷ್ಟು ಜನಕ್ಕೆ ತಟ್ಟಿದೆ ಅಂತ ಲೆಕ್ಕ ಇಡುವ ಮನಸ್ಸೂ ಇಲ್ಲಿನ ಸರ್ಕಾರಕ್ಕೆ ಇಲ್ಲ. ಬಾಣಂತಿಯರ ಸಾವನ್ನು ಪರಿಶೀಲಿಸುವ ಟೆಕ್ಸಸ್‌ನ ಸಮಿತಿ 2022 ಮತ್ತು 2023ರ ಸಾವುಗಳನ್ನು ಬಿಟ್ಟು ಮುಂದಿನ ವರ್ಷಕ್ಕೆ ಹೋಗಲು ನಿರ್ಧಾರ ಮಾಡಿತು. ನಿಷೇಧ ಬಂದ ಮೊದಲ ಎರಡು ವರ್ಷವೇ ಕೈಬಿಟ್ಟುಹೋಯಿತು. ಇದನ್ನು ಓದಿದ ದಿನ ನಾನು ಅಡುಗೆ ಮಾಡಲಿಲ್ಲ, ಸುಮ್ನೆ ಕೂತಿದ್ದೆ.

ಐರ್ಲೆಂಡಿನ ಜನ ಹಾಗೆ ಮಾಡಲಿಲ್ಲ ಅನ್ನುವುದನ್ನು ಮರೆಯಬಾರದು. ಸವಿತಾ ಸತ್ತ ಮೇಲೆ ಡಬ್ಲಿನ್ ಬೀದಿಗಳಲ್ಲಿ ಮೇಣದಬತ್ತಿ ಹಿಡಿದು ನಿಂತರು. 2013ರಲ್ಲಿ ಒಂದು ಅರೆಬರೆ ಕಾನೂನು ಬಂತು, ಅದಕ್ಕೆ ಅವರು ತೃಪ್ತರಾಗಲಿಲ್ಲ. ಬೆಳಗಾವಿಯಿಂದ ಸವಿತಾಳ ತಂದೆ ಅಂದಾನಪ್ಪ ಯಾಳಗಿ, ನನ್ನ ಮಗಳನ್ನು ನೆನೆದು ಮತ ಹಾಕಿ ಅಂತ ಆ ದೇಶದ ಜನರನ್ನು ಕೇಳಿಕೊಂಡರು. 2018ರ ಮೇ 25ರಂದು ಶೇ. 66.4ರಷ್ಟು ಮಂದಿ ಸಂವಿಧಾನದಲ್ಲಿದ್ದ ಗರ್ಭಪಾತದ ನಿಷೇಧವನ್ನು ತೆಗೆಯಲು ಮತ ಹಾಕಿದರು. ಡಬ್ಲಿನ್‌ನ ಗೋಡೆಯೊಂದರ ಮೇಲೆ ಬಿಡಿಸಿದ್ದ ಅವಳ ಚಿತ್ರದ ಸುತ್ತ ಜನ ಚೀಟಿ ಅಂಟಿಸಿದರು, ಕ್ಷಮಿಸು ಅಂತ ಬರೆದರು. ನಮ್ಮೂರಿನ ಹುಡುಗಿಯ ಹೆಸರನ್ನು ಎಂದೂ ಬೆಳಗಾವಿ ನೋಡದ ಜನ ಇಷ್ಟು ಎತ್ತಿ ಹಿಡಿದರು. ನಾವು ಅವಳ ಊರಿನವರು, ಅದೇ ಪ್ರಶ್ನೆ ಕೇಳಿದ ಹುಡುಗಿಯ ಬಾಯಿ ಮುಚ್ಚಿಸುತ್ತೇವೆ.

ಹಾಗಾಗಿ ಇಲ್ಲಿ ಬಸುರಿಯಾಗಿರುವವರಿಗೆ, ಆಗಬೇಕು ಅಂತ ಇರುವವರಿಗೆ ನಾಲ್ಕು ಮಾತು. ಮೊದಲ ಭೇಟಿಯಲ್ಲೇ ಡಾಕ್ಟರನ್ನು ಕೇಳಿ: ಹದಿನೆಂಟು ವಾರಕ್ಕೆ ನೀರು ಒಡೆದರೆ ನಿಮ್ಮ ಆಸ್ಪತ್ರೆಯಲ್ಲಿ ಏನು ಮಾಡುತ್ತೀರಿ, ಎಷ್ಟು ಹೊತ್ತು ಕಾಯುತ್ತೀರಿ, ಯಾರು ನಿರ್ಧಾರ ಮಾಡುತ್ತಾರೆ? ಕೇಳಲು ನಾಚಿಕೆ ಬೇಡ. ಉತ್ತರ ತೊದಲಿದರೆ ಬೇರೆ ಡಾಕ್ಟರನ್ನು ನೋಡಿ. ನೀರು ಹೋದಂತೆ ಅನ್ನಿಸಿದರೆ, ಚಳಿ ಜ್ವರ ಬಂದರೆ, ಕೆಟ್ಟ ವಾಸನೆ ಇದ್ದರೆ ಬೆಳಗಾಗಲಿ ಅಂತ ಕಾಯಬೇಡಿ. ಒಮ್ಮೆ ಮನೆಗೆ ಕಳಿಸಿದರೂ ಮತ್ತೆ ಹೋಗಿ. ಜೊತೆಗೆ ಜೋರಾಗಿ ಮಾತಾಡುವವರೊಬ್ಬರು ಇರಲಿ. ಯಾರೂ ಇಲ್ಲದಿದ್ದರೆ ನನಗೆ ಫೋನ್ ಮಾಡಿ, ರಾತ್ರಿ ಎಷ್ಟು ಹೊತ್ತಾದರೂ ಬರುತ್ತೇನೆ.

ಸಿಟಿಜನ್‌ಶಿಪ್ ತೆಗೆದುಕೊಂಡವರು ಓಟು ಹಾಕಿ. ಗ್ರೀನ್ ಕಾರ್ಡ್ ಸಾಲಿನಲ್ಲಿ ಕಾಯುತ್ತಿರುವ ಹೆಣ್ಣುಮಕ್ಕಳ ಪಾಲಿನದ್ದನ್ನೂ ನೀವೇ ಯೋಚಿಸಬೇಕು. 2022ರ ಆಗಸ್ಟ್‌ನಲ್ಲಿ ಕ್ಯಾನ್ಸಸ್‌ನಂಥ ಸಂಪ್ರದಾಯಸ್ಥ ರಾಜ್ಯದಲ್ಲೇ ಜನ ಸುಮಾರು ಶೇ. 59ರಷ್ಟು ಮತದಿಂದ ಗರ್ಭಪಾತದ ಹಕ್ಕನ್ನು ಉಳಿಸಿಕೊಂಡರು.

ಕೊನೆಗೆ ಕನ್ನಡ ಸಂಘದವರಿಗೆ. ಟ್ಯಾಕ್ಸ್ ಬಗ್ಗೆ ಕಾರ್ಯಕ್ರಮ ಮಾಡುತ್ತೀರಿ, ಕಾಲೇಜು ಅಡ್ಮಿಷನ್ ಬಗ್ಗೆ ಮಾಡುತ್ತೀರಿ, ವೀಸಾ ಬಗ್ಗೆ ವಕೀಲರನ್ನು ಕರೆಸುತ್ತೀರಿ. ಒಂದು ಶನಿವಾರ ಬಸುರಿ-ಬಾಣಂತಿಯರಿಗೆ ಈ ರಾಜ್ಯದ ಕಾನೂನು, ಆಸ್ಪತ್ರೆ, ಇನ್ಶೂರೆನ್ಸ್ ಬಗ್ಗೆ ಕನ್ನಡದಲ್ಲಿ ಮಾತಾಡಿಸಿ. ಹಾಲ್ ಬಾಡಿಗೆ ನಾನು ಕೊಡುತ್ತೇನೆ, ಊಟ ನಮ್ಮ ಮನೆಯಿಂದ. ಒಬ್ಬರು ಪ್ರಸೂತಿ ಡಾಕ್ಟರು, ಒಬ್ಬರು ವಕೀಲರು ಬೇಕು. ಯಾರು ಬರುತ್ತೀರಿ, ಕೆಳಗೆ ಹೇಳಿ. ಗಂಡಸರೂ ಬರಬೇಕು.